ಸರಕಾರ ಮಾಸ್ಕ್ ಕಡ್ಡಾಯ ಮಾಡಿದರೆ ಇಗರ್ಜಿಯ ನಿಯಮ ಹೇಗಿರಬೇಕು?

ಪ್ರಶ್ನೆ: ವಾಳೆ ಗುರ್ಕಾರ್, ಮಂಗಳೂರು

ನಮ್ಮ ಇಗರ್ಜಿಯ (ಚರ್ಚಿನ) ಪಾಲನಾ ಪರಿಷತ್ತು ಒಂದು ಸ್ಥಾಯಿ ನಿಯಮ ಬರೆದಿಡಲು ಹೊರಟಿದೆ. ಮುಂದೆ ಯಾವುದಾದರೂ ಸೋಂಕು ಹರಡಿ ಸರಕಾರ ಮತ್ತೆ ಮಾಸ್ಕ್ ಕಡ್ಡಾಯ ಮಾಡಿದರೆ 2020ರ ಹಾಗೆ ತರಾತುರಿ ಆಗಬಾರದು ಅಂತ. ಆದರೆ ಕರಡು ಮುಂದೆ ಹೋಗುತ್ತಿಲ್ಲ. ಒಂದು ಗುಂಪು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೋರಿಸಿ, ಅಧಿಕಾರಿಗಳಿಗೆ ಅಧೀನರಾಗಿರಬೇಕು, ಅಲ್ಲಿಗೆ ಮುಗಿಯಿತು ಅನ್ನುತ್ತದೆ. ಇನ್ನೊಂದು ಗುಂಪು ‘ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು’ ಎಂದು ಪೇತ್ರ ಉತ್ತರಿಸಿದ ಅಪೊಸ್ತಲರ ಕೃತ್ಯಗಳು 5:29 ಹೇಳಿ, ಆಲಯದೊಳಗೆ ಸರಕಾರದ ಮಾತು ನಡೆಯಬಾರದು ಅಂತ ಅಮೆರಿಕದ ಪಾಸ್ಟರುಗಳ ವಿಡಿಯೊ ಹಂಚುತ್ತಿದೆ.

ತಿಳಿದವರು ಹೇಳಿ: ಮಾಸ್ಕ್ ಇಲ್ಲದೆ ಬಂದವರನ್ನು ಬಾಗಿಲಲ್ಲಿ ತಡೆಯಬಹುದಾ? ಪೂಜೆಯಲ್ಲಿ ಹಂಚುವ ಪರಮಪ್ರಸಾದದ ಕ್ರಮ ಹೇಗೆ ಬರೆಯುವುದು? ಕೊಯರ್ (ಗಾಯನ ತಂಡ) ಏನು ಮಾಡಬೇಕು? ಅಮೆರಿಕದ ತೀರ್ಪುಗಳು ಇಲ್ಲಿ ಲೆಕ್ಕಕ್ಕೆ ಬರುತ್ತವಾ?

ಉತ್ತರ: ಬಲ್ಮಠದ ಓದುಗ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುವ, ಗಲಾಟೆಯ ಬೇರು ಅಲ್ಲೇ ಉಂಟು. ನಮ್ಮ ಸಂವಿಧಾನದ 25ನೇ ವಿಧಿ ಧರ್ಮಾಚರಣೆಯ ಹಕ್ಕನ್ನು ಕೊಡುವುದೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು. 26ನೇ ವಿಧಿಯೂ ಹಾಗೆಯೇ. ಧರ್ಮಸ್ವಾತಂತ್ರ್ಯ ಕೊಡುವ ಅಮೆರಿಕ ಸಂವಿಧಾನದ ಮೊದಲನೇ ತಿದ್ದುಪಡಿಯಲ್ಲಿ ಆರೋಗ್ಯದ ಮಾತೇ ಇಲ್ಲ. ಅಲ್ಲಿನ ತೀರ್ಪು ಹಿಡಿದು ಇಲ್ಲಿ ವಾದ ಕಟ್ಟಿದರೆ ನಿಲ್ಲುವುದಿಲ್ಲ.

ಅದಕ್ಕಿಂತ ಮುಖ್ಯ, ಆ ಜಗಳಗಳಲ್ಲಿ ಹೆಚ್ಚಿನವು ಮಾಸ್ಕಿನದ್ದೇ ಅಲ್ಲ. ಕ್ಯಾಲಿಫೋರ್ನಿಯದ ಗ್ರೇಸ್ ಕಮ್ಯುನಿಟಿ ಚರ್ಚ್ 2020ರ ಜುಲೈಯಲ್ಲಿ ಸೆಟೆದು ನಿಂತದ್ದು ಕಟ್ಟಡದೊಳಗಿನ ಆರಾಧನೆಯನ್ನೇ ನಿಲ್ಲಿಸಿದ ಆದೇಶದ ವಿರುದ್ಧ. ಬ್ರೂಕ್ಲಿನ್ ಧರ್ಮಪ್ರಾಂತ್ಯಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ 2020ರ ನವೆಂಬರ್ 25ರಂದು ತಡೆಯಾಜ್ಞೆ ಕೊಟ್ಟದ್ದು 10 ಮತ್ತು 25 ಜನರ ಮಿತಿಯ ಬಗ್ಗೆ. ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್ ಬ್ಯಾಪ್ಟಿಸ್ಟ್ ಚರ್ಚಂತೂ ಮಾಸ್ಕ್ ಹಾಕಿ, ಅಂತರ ಬಿಟ್ಟು ಬಯಲಿನಲ್ಲಿ ಸೇರಲು ಬಿಡಿ ಎಂದೇ ಕೋರ್ಟಿಗೆ ಹೋಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಗೆದ್ದಿತು. ‘ಸೇರಬೇಡಿ’ ಎನ್ನುವ ಆದೇಶ ಬೇರೆ, ‘ಮಾಸ್ಕ್ ಹಾಕಿ ಸೇರಿ’ ಎನ್ನುವುದು ಬೇರೆ. ಸಭೆಯಾಗಿ ಕೂಡುವುದನ್ನು ಬಿಡಬೇಡಿ ಎಂಬ ಇಬ್ರಿಯರಿಗೆ 10:25 ತಾಗುವುದು ಮೊದಲನೆಯದಕ್ಕೆ. ಅಪೊಸ್ತಲರ ಕೃತ್ಯಗಳಲ್ಲಿ ಯೆಹೂದ್ಯರ ಹಿರೀಸಭೆ ಹೇಳಿದ್ದು ಯೇಸುವಿನ ಹೆಸರಿನಲ್ಲಿ ಬೋಧಿಸಲೇಬಾರದು ಅಂತ. ಮೂಗು ಬಾಯಿ ಮುಚ್ಚಿ ಬೋಧಿಸಿ ಎಂದಿದ್ದರೆ ಪೇತ್ರ ಆ ಉತ್ತರ ಕೊಡುತ್ತಿರಲಿಲ್ಲ.

ಹಾಗಂತ ರೋಮಾಪುರ 13 ಹೇಳುವವರಿಗೂ ವಾದ ಅಷ್ಟು ಸಲೀಸಲ್ಲ. ಕಥೋಲಿಕ ಧರ್ಮೋಪದೇಶದ 2242ನೇ ಪರಿಚ್ಛೇದ, ನೈತಿಕ ಕ್ರಮಕ್ಕೆ ವಿರುದ್ಧವಾದ ಅಪ್ಪಣೆಯನ್ನು ಮನಸ್ಸಾಕ್ಷಿ ಒಪ್ಪಬಾರದು ಎಂದೇ ಹೇಳುತ್ತದೆ. ಆದ್ದರಿಂದ ಆದೇಶ ಬಂದ ಕೂಡಲೇ ಅದನ್ನು ಓದಿ ನೋಡಿ. ಬಸ್ಸು, ಮಾಲ್, ದೇವಸ್ಥಾನ, ಮಸೀದಿಗೂ ಇದೇ ನಿಯಮವಾ? ದೇವರು ಮಾಡಿ ಎಂದದ್ದನ್ನು ಮಾಡಬೇಡಿ ಎನ್ನುತ್ತದಾ? 1527ರಲ್ಲಿ ವಿಟ್ಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಲೂಥರ್ ಬರೆದದ್ದೂ ಇದೇ ದಾರಿಯಲ್ಲಿ: ಔಷಧ ತೆಗೆದುಕೊಳ್ಳಿ, ಮನೆಗೆ ಹೊಗೆ ಹಾಕಿ, ಅಗತ್ಯವಿಲ್ಲದ ಕಡೆ ಹೋಗಬೇಡಿ, ಆದರೆ ನೆರೆಯವನಿಗೆ ನಿಮ್ಮ ಅಗತ್ಯ ಬಿದ್ದರೆ ಹೋಗಿ.

ಬಾಗಿಲಿನ ವಿಷಯ. ದಂಡ ಹಾಕುವುದು ಪೊಲೀಸರ ಮತ್ತು ಸ್ಥಳೀಯಾಡಳಿತದ ಕೆಲಸ. 2020ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ ದಂಡ ಇಳಿಸಿದ ಮೇಲೆ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 250, ಉಳಿದ ಕಡೆ 100 ರೂಪಾಯಿ ಇತ್ತು. ಸ್ವಯಂಸೇವಕರು ಈ ಲೆಕ್ಕಕ್ಕೆ ಕೈ ಹಾಕಲೇಬಾರದು. ಬಾಗಿಲಲ್ಲಿ 50 ಮಾಸ್ಕಿನ ಒಂದು ಪೆಟ್ಟಿಗೆ ಇಡಿ, ಒಂದು ಕೊಟ್ಟು ನಮಸ್ಕಾರ ಹೇಳಿ. ಆಗುವುದೇ ಇಲ್ಲ ಎಂದವರಿಗೆ ಪೋರ್ಟಿಕೊದಲ್ಲಿ ನಾಲ್ಕು ಕುರ್ಚಿ, ಒಂದು ಸ್ಪೀಕರ್. ಉಸಿರಾಟದ ತೊಂದರೆ ಎಂದವರ ಹತ್ತಿರ ಡಾಕ್ಟರರ ಚೀಟಿ ಕೇಳಬೇಡಿ. ಮನೆಗೆ ಕಳುಹಿಸುವುದು ಮಾತ್ರ ಬೇಡ.

ಉತ್ತರ: ಸ್ಯಾಕ್ರಿಸ್ಟಿ ಕೆಲಸ, ಕಲ್ಯಾಣಪುರ

ಮೇಲಿನದ್ದಕ್ಕೆ ನನ್ನ ಸಹಮತ ಉಂಟು. ಆದರೆ ಭಾನುವಾರ ಜಗಳ ಆಗುವುದು ಬೈಬಲ್ ವಾಕ್ಯದ ಮೇಲಲ್ಲ, ಪರಮಪ್ರಸಾದದ ಸಾಲಿನಲ್ಲಿ. ಅದನ್ನು ಬಿಡಿಸಿ ಬರೆಯಿರಿ.

ಜನರಿಗೆ ಕೊಡುವ ಒಸ್ತಿ (ಪರಮಪ್ರಸಾದದ ರೊಟ್ಟಿ) ಬೇರೆ ಸಿಬೋರಿಯಂನಲ್ಲಿ, ಅಂದರೆ ಮುಚ್ಚಳದ ಪಾತ್ರೆಯಲ್ಲಿ ಇರಲಿ. ಬಲಿಪೀಠದ ಮೇಲೆ ಇಟ್ಟಾಗಿನಿಂದ ಹಂಚುವವರೆಗೆ ಮುಚ್ಚಳ ತೆಗೆಯಬೇಡಿ. ಫಾದರ್ ಪ್ರಾರ್ಥನೆ ಹೇಳುವುದು ಅದರ ಮೇಲೇ ಬಗ್ಗಿ. ಪಾನಪಾತ್ರೆಯ ಮೇಲೂ ಮುಚ್ಚಳ. ಬಲಿಪೀಠದಲ್ಲಿ ಅಕ್ಕಪಕ್ಕ 2 ಮೀಟರ್ ಒಳಗೆ ಯಾರೂ ಇಲ್ಲದಿದ್ದರೆ ಫಾದರ್ ಮಾಸ್ಕ್ ಇಳಿಸಿ ಪೂಜೆ ಮಾಡಬಹುದು ಎಂದು ಬರೆದರೆ ಓದು ಸ್ಪಷ್ಟ ಕೇಳುತ್ತದೆ. ಹಂಚಲು ಇಳಿಯುವ ಮೊದಲು ಮಾಸ್ಕ್ ಹಾಕಿ, ಆಮೇಲೆ ಕೈಗೆ ಸ್ಯಾನಿಟೈಸರ್. ಈ ಕ್ರಮ ತಿರುಗಿದರೆ ಶುದ್ಧ ಮಾಡಿದ ಕೈಯೇ ಮಾಸ್ಕ್ ಮುಟ್ಟುತ್ತದೆ.

ಸ್ಯಾನಿಟೈಸರಿನಲ್ಲಿ ಇರುವುದು ಆಲ್ಕೋಹಾಲ್. ಬಾಟಲಿಯನ್ನು ಮೇಣದ ಬತ್ತಿಯ ಹತ್ತಿರ ಇಡಬೇಡಿ. ಕೈ ಪೂರ್ತಿ ಒಣಗದೆ ಬತ್ತಿ ಮುಟ್ಟಿದರೆ ಹೊತ್ತಿಕೊಳ್ಳುತ್ತದೆ, ಹಗಲು ಬೆಳಕಿನಲ್ಲಿ ಆ ಜ್ವಾಲೆ ಕಾಣುವುದೂ ಕಷ್ಟ. ಅಲ್ತಾರ್ ಹುಡುಗರಿಗೆ ಇದನ್ನು ಮೊದಲೇ ಹೇಳಿಕೊಡಿ.

ಸಾಲಿನಲ್ಲಿ ಒಬ್ಬೊಬ್ಬರೂ ‘ಆಮೆನ್’ ಹೇಳುವ ಬದಲು ಸಾಲು ಹೊರಡುವ ಮೊದಲೇ ಒಮ್ಮೆ ಎಲ್ಲರೂ ಸೇರಿ ಹೇಳಲಿ. 2021ರ ಬೂದಿ ಬುಧವಾರಕ್ಕೆ ವ್ಯಾಟಿಕನ್ ಕೊಟ್ಟ ಸೂಚನೆಯೂ ಇದೇ ಬಗೆಯದ್ದು: ಮಾತು ಎಲ್ಲರಿಗೂ ಒಂದೇ ಸಲ, ಆಮೇಲೆ ಮೌನವಾಗಿ ತಲೆಗೆ ಬೂದಿ. ಒಸ್ತಿಯನ್ನು ಅಂಗೈಯಲ್ಲಿ ಪಡೆದವರು ಎರಡು ಹೆಜ್ಜೆ ಬದಿಗೆ ಸರಿದು, ಕಿವಿಯ ಎಲಾಸ್ಟಿಕ್ ಹಿಡಿದು ಮಾಸ್ಕ್ ಇಳಿಸಿ, ಅಲ್ಲೇ ಸೇವಿಸಿ, ಮತ್ತೆ ಏರಿಸಿ ಹೋಗಬೇಕು. ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಕೆಲವರು ಸಾಲಿನಲ್ಲೇ ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು ಬರುತ್ತಾರೆ, ಕೆಲವರು ಒಸ್ತಿ ಹಿಡಿದು ಬೆಂಚಿಗೆ ನಡೆಯುತ್ತಾರೆ. ಎರಡನೆಯದು ಪರಮಪ್ರಸಾದದ ಗೌರವದ ಪ್ರಶ್ನೆ. ಬದಿಯಲ್ಲಿ ಒಬ್ಬರು ನಿಂತು ನೋಡಿಕೊಳ್ಳಲೇಬೇಕು.

ಉತ್ತರ: ಗಾನಬಳಗ, ಉಡುಪಿ

ಒಂದು ಕಡೆ ನನ್ನ ತಕರಾರು ಉಂಟು. ಎಲ್ಲ ಧರ್ಮಗಳಿಗೂ ಒಂದೇ ನಿಯಮ ಆದರೆ ಸಾಕು ಎನ್ನುವುದು ಪೂರ್ತಿ ಸರಿಯಲ್ಲ. 2020ರ ಜೂನ್ 4ರಂದು ಕೇಂದ್ರ ಆರೋಗ್ಯ ಇಲಾಖೆ ಪ್ರಾರ್ಥನಾ ಮಂದಿರಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಮಾಸ್ಕ್, 6 ಅಡಿ ಅಂತರದ ಜೊತೆಗೆ ಗಾಯನ ತಂಡ ಬೇಡ, ಧ್ವನಿಮುದ್ರಿತ ಸಂಗೀತ ಹಾಕಿ ಎಂದೂ ಇತ್ತು. ಕಾಗದದ ಮೇಲೆ ಎಲ್ಲರಿಗೂ ಸಮಾನ. ಆದರೆ ಹಾಡಿಲ್ಲದೆ ಆರಾಧನೆಯೇ ಇಲ್ಲ ಎನ್ನುವ ಪೆಂಟೆಕೋಸ್ಟಲ್ ಸಭೆಗೆ ಅದರ ಏಟು ಬೇರೆ. ಮಾಸ್ಕ್ ಒಪ್ಪಿಕೊಂಡು, ಹಾಡಿನ ಬಗ್ಗೆ ಜಿಲ್ಲಾಧಿಕಾರಿಗೆ ಲಿಖಿತ ಮನವಿ ಕೊಡುವುದು ಅವಿಧೇಯತೆ ಅಲ್ಲ. ಅದಕ್ಕೂ ನಿಮ್ಮ ನಿಯಮದಲ್ಲಿ ಒಂದು ಸಾಲು ಇರಲಿ.

ಹಾಡಿನ ಅಪಾಯ ಮಾತ್ರ ನಿಜ. 2020ರ ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಗಾಯನ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದಿದ್ದ 61 ಜನರಲ್ಲಿ 53 ಮಂದಿಗೆ ಸೋಂಕು ತಗುಲಿತು ಅಥವಾ ತಗುಲಿರಬೇಕೆಂದು ಲೆಕ್ಕಕ್ಕೆ ಬಂತು, ಇಬ್ಬರು ತೀರಿಕೊಂಡರು. ಆದ್ದರಿಂದ ಇಡೀ ಕೊಯರ್ ಬದಲು ಒಬ್ಬರು ಹಾಡಲಿ, ಜನರು ಮಾಸ್ಕ್ ಒಳಗೇ ತಗ್ಗಿದ ದನಿಯಲ್ಲಿ ಪಲ್ಲವಿ ಸೇರಿಸಲಿ. ತೆಳು ಮಾಸ್ಕ್ ಉಸಿರೆಳೆದಾಗ ಬಾಯಿಗೆ ಅಂಟುತ್ತದೆ, ಮುಂದಕ್ಕೆ ಉಬ್ಬಿದ ಗಟ್ಟಿ ಮಾಸ್ಕ್ ಹಾಡುವವರಿಗೆ ಒಳ್ಳೆಯದು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಅರ್ಧ ಗಂಟೆಗೇ ಒದ್ದೆಯಾಗಬಹುದು, ಇನ್ನೊಂದು ಕಿಸೆಯಲ್ಲಿರಲಿ. ವಾಚನ ಮಾಡುವವರ ದನಿ ಮಾಸ್ಕಿನಿಂದ ಮಂಕಾದರೆ ವಾಲ್ಯೂಮ್ ಏರಿಸಬೇಡಿ, ಮೈಕ್ ಕೂಗುತ್ತದೆ. ಮಿಕ್ಸರಿನಲ್ಲಿ 2ರಿಂದ 4 ಕಿಲೊಹರ್ಟ್ಸ್ ಭಾಗವನ್ನು ತುಸು ಎತ್ತಿ.

ಎರಡೂ ಬದಿ ಬಾಗಿಲಿರುವ, ಎತ್ತರದ ಹಂಚಿನ ಮಾಡಿನ ಹಳೆ ಇಗರ್ಜಿಗಳಿಗೆ ಗಾಳಿಯ ಚಿಂತೆ ಕಡಿಮೆ. ಶಟರ್ ಅಂಗಡಿಯಂಥ ಹಾಲಿನಲ್ಲಿ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಅಲ್ಲಿ ಎಕ್ಸಾಸ್ಟ್ ಫ್ಯಾನ್ ಬೇಕು, ಆರಾಧನೆ 45 ನಿಮಿಷಕ್ಕೆ ಮುಗಿಯಬೇಕು.

ಗುರ್ಕಾರ್: ತುಂಬ ಉಪಕಾರ ಆಯಿತು. ಇನ್ನೆರಡು ಕೇಳುತ್ತೇನೆ. ಒಸ್ತಿ ನಾಲಿಗೆಯ ಮೇಲೆಯೇ ಬೇಕು ಎನ್ನುವವರಿಗೆ ಏನು ಮಾಡುವುದು? ಆದೇಶ ಹಿಂದೆ ಹೋದ ಮೇಲೂ ನಾವು ಮಾಸ್ಕ್ ಕೇಳಬಹುದಾ?

ಸ್ಯಾಕ್ರಿಸ್ಟಿ ಕೆಲಸ, ಕಲ್ಯಾಣಪುರ: ನಾಲಿಗೆಯ ಮೇಲೆ ಪಡೆಯುವ ಹಕ್ಕು ಉಂಟು. ಧರ್ಮಾಧ್ಯಕ್ಷರು ಸದ್ಯಕ್ಕೆ ಬೇರೆ ಹೇಳಿದ್ದರೆ ಹಾಗೆ. ಇಲ್ಲದಿದ್ದರೆ ಅವರು ಸಾಲಿನ ಕೊನೆಯಲ್ಲಿ ಬರಲಿ, ಬೆರಳು ತಾಗಿದ ಪ್ರತಿ ಸಲವೂ ಫಾದರ್ ಕೈ ಶುದ್ಧ ಮಾಡಿ ಮುಂದಿನವರಿಗೆ ಕೊಡಲಿ. ಪೋರ್ಟಿಕೊದಲ್ಲಿ ಕೂತವರಿಗೂ ಆಗಲೇ ಕೊಂಡುಹೋಗಿ.

ಬಲ್ಮಠದ ಓದುಗ: 2023ರ ಡಿಸೆಂಬರಿನಲ್ಲಿ ರಾಜ್ಯ ಹೇಳಿದ್ದು 60 ದಾಟಿದವರು ಮಾಸ್ಕ್ ಹಾಕಿ ಎಂಬ ಸಲಹೆ ಮಾತ್ರ. ಅಂಥ ಹೊತ್ತಿನಲ್ಲಿ ಹಿರಿಯರ ಸಲುವಾಗಿ ಉಳಿದವರೂ ಹಾಕಲಿ ಎಂದು ಕೇಳಿಕೊಳ್ಳುವುದು, ಬಲಹೀನರಿಗೆ ಅಡ್ಡಿಯಾಗದಂತೆ ನಡೆಯಿರಿ ಎನ್ನುವ ರೋಮಾಪುರ 14ಕ್ಕೆ ಸರಿಹೊಂದುತ್ತದೆ.

ಗಾನಬಳಗ, ಉಡುಪಿ: ಕೇಳಿಕೊಳ್ಳಿ, ಕಡ್ಡಾಯ ಮಾಡಬೇಡಿ. ಸರಕಾರದ ಆದೇಶ ರದ್ದಾದ ದಿನವೇ ನಮ್ಮ ನಿಯಮವೂ ರದ್ದು ಎಂದು ಮೊದಲ ಪುಟದಲ್ಲೇ ಬರೆಯಿರಿ. ಎರಡನೇ ಬಣದವರು ಸಹಿ ಹಾಕುವುದು ಆ ಸಾಲು ಇದ್ದರೆ ಮಾತ್ರ.