ಸರಿಗಮಪದಲ್ಲಿ ಹಾಡಿಗಿಂತ ಕಥೆಯೇ ಜಾಸ್ತಿ ಆಗ್ತಿಲ್ವಾ?

ಪ್ರಶ್ನೆ, ದಾವಣಗೆರೆ:
ಮನೆಯಲ್ಲಿ ಎಲ್ಲರೂ ಜೀ ಕನ್ನಡದ ಹಾಡಿನ ಸ್ಪರ್ಧೆ ಸರಿಗಮಪ ನೋಡುತ್ತೇವೆ. ಆದರೆ ಹಾಡು ಮುಗಿದ ತಕ್ಷಣ ಸ್ಪರ್ಧಿಯ ಮನೆಯ ಕಷ್ಟ, ಅಮ್ಮನ ಕಣ್ಣೀರು, ಹಿಂದೆ ಪಿಟೀಲು, ಹೀಗೇ ಎಷ್ಟೋ ಹೊತ್ತು ಹೋಗುತ್ತದೆ, ಹಾಡಿದ್ದು ಹೇಗಿತ್ತು ಅನ್ನೋದೇ ಮರೆತುಹೋಗುತ್ತದೆ. ನಿಮಗೂ ಹೀಗೇ ಅನಿಸುತ್ತಾ?

ಹೊಳಲ್ಕೆರೆಯಿಂದ:
ಹೌದು ಸರ್. ಈಟಿವಿಯ ‘ಎದೆ ತುಂಬಿ ಹಾಡುವೆನು’ ನೆನಪಿದೆಯಾ? ಎಸ್‌ಪಿಬಿ ಸಣ್ಣ ತಪ್ಪನ್ನೂ ಪ್ರೀತಿಯಿಂದ ತಿದ್ದುತ್ತಿದ್ದರು, ತಾವೇ ಹಾಡಿ ತೋರಿಸುತ್ತಿದ್ದರು, ಹಾಡು ಹುಟ್ಟಿದ ಬಗ್ಗೆಯೂ ಹೇಳುತ್ತಿದ್ದರು. ಕೂತು ನೋಡಿದವರಿಗೂ ಪಾಠ ಆಗುತ್ತಿತ್ತು. ತೀರ್ಪುಗಾರರಿಂದ ನನಗೆ ಬೇಕಾದದ್ದು ಅದೇ.

ದಾವಣಗೆರೆ, ವಿದ್ಯಾನಗರದಿಂದ:
ನಾನು ಒಪ್ಪಲ್ಲ. ಸರಿಗಮಪದ 15ನೇ ಸೀಸನ್‌ನಲ್ಲಿ ಪಕ್ಕದ ಹಾವೇರಿ ಜಿಲ್ಲೆಯ ಹನುಮಂತ ಬಂದಾಗ, ಕುರಿ ಕಾಯುವ ಹುಡುಗ ಅಂತ ತೋರಿಸಿದ್ದಕ್ಕೇ ನಮ್ಮಮ್ಮ ಟಿವಿ ಮುಂದೆ ಕೂತರು. ಆಮೇಲೆ ಅವರನ್ನು ಏಳದಂತೆ ಮಾಡಿದ್ದು ಅವನ ದನಿ. ರನ್ನರ್ ಅಪ್ ಆದಾಗ ಎಷ್ಟು ಖುಷಿಪಟ್ಟರು!

ಚಿತ್ರದುರ್ಗದಿಂದ:
ಕಥೆ ಇರಲಿ ಅಕ್ಕಾ, ಮಿತಿಯಲ್ಲಿರಲಿ. ನನ್ನ ಸಿಟ್ಟು ಬೇರೆ. ಜಾನಪದ ಹಾಡುವವರನ್ನು ಹೊಗಳಿ ಹೊಗಳಿ, ಕೊನೆಗೆ ಸಿನಿಮಾ ಹಾಡು ಹೇಗೆ ಹಾಡಿದರು ಅಂತಲೇ ಅಳೆಯುತ್ತಾರೆ. ನಮ್ಮ ಕಡೆ ಸೋಬಾನೆ ಹೇಳುವ ಹೆಂಗಸರ ಗಂಟಲೇ ಬೇರೆ, ಅದನ್ನು ಅದರ ಪಾಡಿಗೆ ಕೇಳಬೇಕು ಅಲ್ವಾ?