ಕೋಳಿ ದಿನವಿಡೀ ಹೊರಗೇ ಮೇಯ್ದರೂ ಫೀಡ್ ಖರ್ಚು ಇಳಿಯುತ್ತಿಲ್ಲ

ಸಿಂಧನೂರು ಹಿತ್ತಲು:
ನಮಸ್ಕಾರ ಎಲ್ಲರಿಗೂ. ನಮ್ಮ ಹಿತ್ತಲಲ್ಲಿ 26 ಜವಾರಿ ಕೋಳಿ ಇವೆ, ಅದರಲ್ಲಿ 7 ಹುಂಜ. ಬೆಳಿಗ್ಗೆ ಗೂಡು ತೆಗೆದರೆ ಸಂಜೆವರೆಗೂ ಹೊರಗೇ ಇರುತ್ತವೆ. ಆದರೂ 50 ಕೆಜಿ ಲೇಯರ್ ಫೀಡ್ (ಮೊಟ್ಟೆ ಕೋಳಿಗೆ ಅಂತ ಮಾಡೋ ಆಹಾರ) ಚೀಲ 17 ದಿನಕ್ಕೆ ಖಾಲಿ. ಮೊಟ್ಟೆ ದಿನಕ್ಕೆ ಎರಡೇ. ಅವ್ವ ಎಲ್ಲಾ ಮಾರಿಬಿಡು ಅಂತಿದ್ದಾರೆ, ನನಗೆ ಮನಸ್ಸಿಲ್ಲ. ಫೀಡ್ ಬಿಟ್ಟು ಬರೀ ನುಚ್ಚು ಹಾಕಲಾ? ಎಮ್ಮೆಗೆ ತಂದ ಹತ್ತಿಕಾಳು ಹಿಂಡಿ ಇದೆ, ಅದನ್ನು ಕೂಡಿಸಬಹುದಾ?

ಗಂಗಾವತಿ ರೈತ:
ಹತ್ತಿಕಾಳು ಹಿಂಡಿ ಮಾತ್ರ ಬೇಡ ತಮ್ಮಾ. ಅದರಲ್ಲಿ ಗಾಸಿಪಾಲ್ ಅನ್ನೋ ವಿಷದ ಅಂಶ ಇರುತ್ತದೆ. ಎಮ್ಮೆ ತಡೆದುಕೊಳ್ಳುತ್ತದೆ, ಕೋಳಿಗೆ ಆಗಲ್ಲ. ಮೊಟ್ಟೆಯ ಹಳದಿ ಕೂಡ ಬಣ್ಣಗೆಡುತ್ತದೆ.
ಫೀಡ್ ಯಾವಾಗ ಹಾಕುತ್ತೀರಿ? ಯಾವುದರಲ್ಲಿ?

ಸಿಂಧನೂರು ಹಿತ್ತಲು:
ಅಗಲ ಪುಟ್ಟಿಯಲ್ಲಿ ತುಂಬಿ ಗೂಡಿನ ಮುಂದೆ ಇಡುತ್ತೇನೆ ಅಣ್ಣಾ. ದಿನವಿಡೀ ಇರುತ್ತದೆ, ಬೇಕಾದಾಗ ಬಂದು ತಿನ್ನುತ್ತವೆ.

ಗಂಗಾವತಿ ರೈತ:
ಅಲ್ಲೇ ಇದೆ ನೋಡಿ ಸಮಸ್ಯೆ. ಲೆಕ್ಕ ಹಾಕಿ. 50 ಕೆಜಿಯನ್ನು 17 ದಿನ, 26 ಕೋಳಿಗೆ ಹಂಚಿದರೆ ಒಂದೊಂದಕ್ಕೆ ದಿನಕ್ಕೆ 113 ಗ್ರಾಂ ಆಯಿತು. ಪಂಜರದ ಲೇಯರ್ ಕೋಳಿ ತಿನ್ನೋದೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ನಿಮ್ಮ ಕೋಳಿ ಹೊರಗೆ ಓಡಾಡುತ್ತಿವೆ, ಮೇಯುತ್ತಿಲ್ಲ. ಜವಾರಿ ಕೋಳಿ ಮೈಯಲ್ಲಿ ಸಣ್ಣದು, ಅಷ್ಟು ತಿನ್ನೋದೂ ಕಷ್ಟ. ಕೆದರಿ ಚೆಲ್ಲಿದ್ದು, ಗುಬ್ಬಿ ಅಳಿಲು ತಿಂದಿದ್ದು, ರಾತ್ರಿ ಹೆಗ್ಗಣ ಹೊತ್ತಿದ್ದು ಎಲ್ಲಾ ಆ ಲೆಕ್ಕದಲ್ಲೇ ಸೇರಿದೆ.

ಇನ್ನೊಂದು ವಿಷಯ. ಲೇಯರ್ ಫೀಡ್ ಮಾಡಿರೋದು ವರ್ಷಕ್ಕೆ 300 ಮೊಟ್ಟೆ ಇಡೋ ಕೋಳಿಗೆ. ಜವಾರಿ ಹ್ಯಾಟೆ ವರ್ಷಕ್ಕೆ ಇಡೋದೇ 60ರಿಂದ 80, ನಡುವೆ ಕಾವು ಬೇರೆ ಕೂರುತ್ತದೆ. ಆ ಫೀಡನ್ನೇ ಹೊಟ್ಟೆ ತುಂಬಾ ಹಾಕಿದರೆ ದುಡ್ಡು ಯಾವತ್ತೂ ವಾಪಸ್ ಬರಲ್ಲ.

ಹೀಗೆ ಮಾಡಿ. ಬೆಳಿಗ್ಗೆ ಏನೂ ಹಾಕಬೇಡಿ, ಹಸಿದು ತಿಪ್ಪೆ ಕೆದರಲಿ. ಸಂಜೆ ಗೂಡಿಗೆ ಬರುವಾಗ ಕೋಳಿಗೆ 40-50 ಗ್ರಾಂ ಲೆಕ್ಕದಲ್ಲಿ ಅಳೆದು ಹಾಕಿ, ಅರ್ಧ ಫೀಡ್, ಅರ್ಧ ನುಚ್ಚು ಇಲ್ಲಾ ಒಡೆದ ಜೋಳ. ಒಂದೇ ದಿನಕ್ಕೆ ಇಳಿಸಬೇಡಿ, ಹತ್ತು ದಿನದಲ್ಲಿ ನಿಧಾನಕ್ಕೆ ಇಳಿಸಿ. ಆಮೇಲೂ ಕೋಳಿ ಕೈಗೆತ್ತಿ ಎದೆಮೂಳೆ ಮುಟ್ಟಿ ನೋಡುತ್ತಿರಿ. ಚೂಪಾಗಿ ಸಿಕ್ಕರೆ ಸ್ವಲ್ಪ ಜಾಸ್ತಿ ಹಾಕಿ. ಬೇಸಿಗೆಯಲ್ಲಿ ಹೊಲ ಒಣಗಿ ಹುಳ ಸಿಗದಿದ್ದಾಗಲೂ ಅಷ್ಟೇ.

ಬರೀ ನುಚ್ಚು ಸಾಲಲ್ಲ, ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಮಿಲ್ಲಿನ ತೌಡು ಅಗ್ಗ, ಆದರೆ ಎಣ್ಣೆ ಅಂಶಕ್ಕೆ ಬೇಗ ಕಮಟು ಹಿಡಿಯುತ್ತದೆ, ವಾರಕ್ಕಾಗುವಷ್ಟೇ ತನ್ನಿ. ಬೂಷ್ಟು ಹಿಡಿದ ಶೇಂಗಾ ಹಿಂಡಿ ಪುಕ್ಕಟೆ ಕೊಟ್ಟರೂ ಬೇಡ. ಫೀಡ್ ಇಳಿಸಿದಾಗ ಸುಣ್ಣದ ಅಂಶವೂ ಇಳಿಯುತ್ತದೆ, ಮೊಟ್ಟೆ ಸಿಪ್ಪೆ ಹುರಿದು ಪುಡಿ ಮಾಡಿ ಬೇರೆ ತಟ್ಟೆಯಲ್ಲಿ ಇಡಿ.

ಹುಂಜ ಎರಡು ಸಾಕು. ಐದನ್ನು ಮಾರಿ.

ಮಾನ್ವಿ ಅಕ್ಕ:
ಅಣ್ಣಾರು ಹೇಳಿದ ಲೆಕ್ಕದಲ್ಲೇ ನೋಡಿದರೆ 19 ಹ್ಯಾಟೆಗೆ ದಿನಕ್ಕೆ ಸರಾಸರಿ 3-4 ಮೊಟ್ಟೆ ಬರಬೇಕು. ನಿಮಗೆ ಎರಡೇ ಸಿಗುತ್ತಿವೆ ಅಂದರೆ ಎಲ್ಲೋ ಕದ್ದು ಇಡುತ್ತಿವೆ. ಹತ್ತಿಕಟ್ಟಿಗೆ ರಾಶಿ, ಬಣವೆ ಬುಡ ಹುಡುಕಿ. ಒಂದು ವಾರ ಬೆಳಿಗ್ಗೆ ಹತ್ತೂವರೆವರೆಗೂ ಗೂಡಿನಲ್ಲೇ ಬಿಡಿ, ಹೆಚ್ಚಿನವು ಅಷ್ಟರಲ್ಲಿ ಇಡುತ್ತವೆ. ನೀರು ಇಡೋದು ಮರೆಯಬೇಡಿ. ಬುಟ್ಟಿಯಲ್ಲಿ ಹುಲ್ಲು ಹಾಸಿ ಮೊಟ್ಟೆ ಆಕಾರದ ಬಿಳಿ ಕಲ್ಲು ಇಟ್ಟರೆ ಅಲ್ಲೇ ರೂಢಿ ಆಗುತ್ತದೆ.

ಮರಿಗಳ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ ತಮ್ಮಾ. ಮೊದಲ ಎರಡು ತಿಂಗಳು ಮರಿ ಫೀಡೇ ಕೊಡಿ, ಲೇಯರ್ ಫೀಡ್ ಬೇಡ, ಅದರ ಸುಣ್ಣ ಮರಿಗಳ ಮೂತ್ರಪಿಂಡಕ್ಕೆ ಕೆಟ್ಟದ್ದು. ಜೊತೆಗೆ ಗೆದ್ದಲು ಕೊಡಬಹುದು. ಹಳೆ ಮಡಿಕೆಯಲ್ಲಿ ಸಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ ಗೆದ್ದಲು ಇರೋ ಜಾಗದಲ್ಲಿ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಮರಿಗಳಿಗೆ ಹಬ್ಬ. ನಮ್ಮತ್ತೆ ಕಲಿಸಿದ್ದು ಇದು.

ಕೊಕ್ಕರೆ ರೋಗದ (ರಾಣಿಖೇತ್ ಅಂತಾರಲ್ಲ, ಅದು) ಲಸಿಕೆ ಬಿಡಲೇಬೇಡಿ. ಮೊದಲ ವಾರ ಕಣ್ಣಿಗೆ ಲಸೋಟಾ ಹನಿ, ಎಂಟನೇ ವಾರ ಆರ್2ಬಿ ಸೂಜಿ. ಒಂದು ವರ್ಷ ನಾನು ಹಾಕಿಸಲಿಲ್ಲ, ಒಂದೇ ವಾರದಲ್ಲಿ 11 ಕೋಳಿ ಕಣ್ಣೆದುರೇ ಹೋದವು. ಈಗಲೂ ನೆನೆದರೆ ಸಂಕಟ ಆಗುತ್ತದೆ. ಸೀಸೆ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಇಡೋಕೆ ಬರಲ್ಲ. ಅದಕ್ಕೆ ನಮ್ಮ ಓಣಿಯ ಐದು ಮನೆ ಸೇರಿ ಒಂದೇ ದಿನ ಹಾಕಿಸುತ್ತೇವೆ, ಖರ್ಚೂ ಹಂಚಿ ಹೋಗುತ್ತದೆ.

ಬಳ್ಳಾರಿ ಬಿಸಿಲು:
ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದಾಗ ಮೊಟ್ಟೆ ಇಳಿದೇ ಇಳಿಯುತ್ತದೆ. ಅದು ಬಿಸಿಲಿಗೆ ಇಳಿದದ್ದು, ಹೆದರಿ ಫೀಡ್ ಸುರಿಯಬೇಡಿ. ಬೇವಿನ ನೆರಳಲ್ಲಿ ಮಣ್ಣಿನ ಪಾತ್ರೆಯಲ್ಲಿ ನೀರು ಇಡಿ, ಮಧ್ಯಾಹ್ನ ಒಮ್ಮೆ ಬದಲಿಸಿ. ಭತ್ತ ಕೊಯ್ದ ಗದ್ದೆಗೆ ಬಿಟ್ಟರೆ ಉದುರಿದ ಕಾಳಲ್ಲೇ ಹೊಟ್ಟೆ ತುಂಬುತ್ತದೆ. ಔಷಧಿ ಹೊಡೆದಿದ್ದಾರಾ ಅಂತ ಕೇಳಿಕೊಂಡು ಬಿಡಿ.

ಸಿಂಧನೂರು ಹಿತ್ತಲು:
24 ದಿನ ಆಯಿತು, ಹೇಳೋಣ ಅಂತ ಬಂದೆ. ಕಟ್ಟಿಗೆ ರಾಶಿ ಕೆಳಗೆ 14 ಮೊಟ್ಟೆ ಸಿಕ್ಕವು ಅಕ್ಕಾ, ಹೆಚ್ಚಿನವು ಕೆಟ್ಟಿದ್ದವು. ಈಗ ಬುಟ್ಟಿಯಲ್ಲೇ ಇಡುತ್ತಿವೆ, ದಿನಕ್ಕೆ ನಾಲ್ಕು, ಒಮ್ಮೊಮ್ಮೆ ಮೂರು. ಐದು ಹುಂಜ ಮಾರಿದೆ. ಅಂದು ತೆರೆದ ಚೀಲ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಎರಡು ಕೋಳಿಯ ಎದೆಮೂಳೆ ಚೂಪಾಗಿತ್ತು, ಅವಕ್ಕೆ ಬೇರೆ ಹಾಕುತ್ತಿದ್ದೇನೆ. ಮಾರೋ ಮಾತು ಅವ್ವ ಬಿಟ್ಟಿದ್ದಾರೆ. ಕೆಂಪು ಹ್ಯಾಟೆ ಕಾವಿಗೆ ಕೂತಿದೆ, ಅವರೇ 11 ಮೊಟ್ಟೆ ಇಟ್ಟು ಗೋಡೆಗೆ ತಾರೀಖು ಬರೆದಿದ್ದಾರೆ. 21 ದಿನಕ್ಕೆ ಮರಿ ಬರುತ್ತವೆ, ಲಸಿಕೆಗೆ ಪಕ್ಕದ ಮೂರು ಮನೆಯವರನ್ನು ಈಗಲೇ ಒಪ್ಪಿಸಿದ್ದೇನೆ.