ಹೆಂಗಸರು ವ್ಯಾಪಾರ ಶುರು ಮಾಡಿದರೂ ಮನೆಯ ಊಟ ಯಾಕೆ ಸುಧಾರಿಸುವುದಿಲ್ಲ?

ಪ್ರಶ್ನೆ: ನಮಸ್ತೆ ಮೇಡಂ. ಹೆಂಗಸರ ಉಳಿತಾಯ ಗುಂಪುಗಳ ಜೊತೆ ಕೆಲಸ ಮಾಡ್ತೀನಿ. ಹೆಣ್ಣಿನ ಕೈಗೆ ದುಡ್ಡು ಬಂದರೆ ಅದು ಮಕ್ಕಳ ಹೊಟ್ಟೆಗೆ ಹೋಗುತ್ತೆ ಅಂತ ತರಬೇತಿಯಲ್ಲೆಲ್ಲ ಹೇಳ್ತಾರೆ. ಆದರೆ ಸಾಲ ತಗೊಂಡು ವ್ಯಾಪಾರಕ್ಕಿಳಿದ ಎಷ್ಟೋ ಮನೆಗಳಲ್ಲಿ ಊಟ ಹಾಗೇ ಇದೆ. ಎಲ್ಲಿ ತಪ್ಪುತ್ತಿದೆ?

ಉತ್ತರ (ಅಭಿವೃದ್ಧಿ ಅರ್ಥಶಾಸ್ತ್ರಜ್ಞೆ): ಅವರು ಹೇಳುವುದು ಅರ್ಧ ನಿಜ. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ ಮತ್ತು ಕ್ರಿಸ್ಟೋಫರ್ ಯೂಡ್ರಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ಕುಟುಂಬಗಳ ಲೆಕ್ಕ ನೋಡಿ 2004ರಲ್ಲಿ ಬರೆದದ್ದು ಹೀಗಿದೆ: ಮಳೆ ಒಲಿದು ಹೆಂಗಸರ ಬೆಳೆ ಚೆನ್ನಾಗಿ ಬಂದಾಗ ಮನೆಯ ಖರ್ಚು ಊಟದ ಕಡೆ ವಾಲಿತು. ಇಲ್ಲಿಯವರೆಗೆ ನಿಮ್ಮ ತರಬೇತಿಯ ಮಾತೇ. ಆದರೆ ಯಾಮ್ ಗೆಡ್ಡೆ ಬೆಳೆಯುವವರು ಹೆಚ್ಚುಕಮ್ಮಿ ಗಂಡಸರೇ. ಆ ದುಡ್ಡು ಕೂಡ ಕುಡಿತ, ತಂಬಾಕಿಗೆ ಹೋಗದೆ ಊಟಕ್ಕೆ, ಮಕ್ಕಳ ಓದಿಗೆ ಹೋಯಿತು. ಅದು ಮನೆಯ ದುಡ್ಡು ಅನ್ನುವ ಕಟ್ಟುಪಾಡು ಅಲ್ಲಿತ್ತು. ಅಂದರೆ ಗಳಿಸಿದ್ದು ಯಾರು ಅನ್ನುವುದಷ್ಟೇ ಅಲ್ಲ, ಆ ದುಡ್ಡು ಯಾವುದಕ್ಕೆ ಮೀಸಲು ಅನ್ನುವುದೂ ಮುಖ್ಯ.

ಸಾಲದ ವಿಷಯದಲ್ಲಿ ನಾನು ಮೊದಲು ಕೇಳುವುದು, ಗಂಡನಿಗೂ ವ್ಯಾಪಾರ ಇದೆಯಾ? ಭಾರತ, ಶ್ರೀಲಂಕಾ, ಘಾನಾದ ಮಾಹಿತಿ ಸೇರಿಸಿ 2019ರಲ್ಲಿ ಬಂದ ಅಧ್ಯಯನದ ಪ್ರಕಾರ, ಹೆಂಡತಿಗೆ ಕೊಟ್ಟ ಬಂಡವಾಳ ಎಷ್ಟೋ ಸಲ ಗಂಡನ ವ್ಯಾಪಾರ ಸೇರುತ್ತದೆ. ಸಾಲದ ಪುಸ್ತಕದಲ್ಲಿ ಅವಳ ಹೆಸರು, ಅಷ್ಟೇ.

ಪ್ರಶ್ನೆ: ಮತ್ತೆ ಕಂತು? ಸಾಲ ಕೊಟ್ಟ ಕೂಡಲೇ ವಾರದ ವಸೂಲಿ ಶುರುವಾಗುತ್ತೆ.

ಉತ್ತರ: ಸರಕು ಮಾರಾಟವಾಗುವ ಮೊದಲೇ ಕಂತು ಬಂದರೆ ಕತ್ತರಿ ಬೀಳುವುದು ಊಟಕ್ಕೆ. ಕೋಲ್ಕತ್ತಾದಲ್ಲಿ ಮೊದಲ ಕಂತಿಗೆ ಎರಡು ತಿಂಗಳು ಬಿಡುವು ಕೊಟ್ಟು ನೋಡಿದ್ದಾರೆ: ವ್ಯಾಪಾರಕ್ಕೆ ಹಾಕಿದ ದುಡ್ಡು ಹೆಚ್ಚಿತು, ಮುಂದೆ ಲಾಭವೂ ಹೆಚ್ಚಿತು. ಸಾಲ ತೀರಿಸದೆ ಉಳಿಸಿಕೊಂಡವರೂ ಹೆಚ್ಚಿದರು, ಅದನ್ನು ಮುಚ್ಚಿಡಬಾರದು. ತೀರಾ ಬಡವರಿಗೆ ಸಾಲವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲಿ ಹಸು, ಆಡು ಕೊಟ್ಟು, ಆದಾಯ ಬರುವವರೆಗೆ ಊಟದ ಖರ್ಚಿಗೆ ಭತ್ಯೆಯನ್ನೂ ಕೊಡುತ್ತಾರೆ. ಅದಿಲ್ಲದಿದ್ದರೆ ಹಸಿವು ತಡೆಯಲಾರದೆ ಆಡನ್ನೇ ಮಾರಿಬಿಡುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಮಾರುವ ಧಾನ್ಯವನ್ನೇ ಮನೆಯವರು ತಿಂದರೆ ಅದು ನಷ್ಟ ತಾನೇ?

ಉತ್ತರ: ಅಲ್ಲ. ಕೆಲಸ ಸಿಗದ ತಿಂಗಳುಗಳಲ್ಲಿ ಆ ವ್ಯಾಪಾರದಿಂದ ಮನೆಗೆ ದೊಡ್ಡ ಉಪಕಾರ ಅದೇ. ಆದರೆ ಬರೆದಿಡಿಸಿ: ತೆಗೆದದ್ದೆಷ್ಟು, ಕೊಂಡ ಬೆಲೆಯಲ್ಲಿ ಅದೆಷ್ಟಾಯಿತು. ಮನೆಖರ್ಚು ಅಂತ ಬೇರೆ ಸಾಲಿನಲ್ಲಿ ಇರಲಿ. ಬರೆಯದಿದ್ದರೆ ಬಂಡವಾಳ ಕರಗಿದ್ದು ಅವಳಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.